ಮಿರಗದ ತಾರೀಖು

ವಕೀಲ ಬಾಯಿಯವರು ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಆಳಂದದ ನಮ್ಮ ಕಾಲೊನಿಯ ತೋಟದ ಸಮಿತಿಯವರು, ಮಳೆ ಬೀಳುವ ತನಕ ಕೈ ಹಚ್ಚುವುದಿಲ್ಲವೆಂದು ಎಲ್ಲರೆದುರು ಕೊಟ್ಟ ಮಾತನ್ನು ಮುರಿದು, ಅವರು ವರ್ಷಗಟ್ಟಲೆ ಬೆಳೆಸಿದ ಜರಿಗಿಡಗಳನ್ನು ಗೋಡೆಯಿಂದ ಕೆರೆಸಿ ಹಾಕಿದರು. ಕೆರೆದ ಗೋಡೆಗೆ ಸಿಮೆಂಟು ಮೆತ್ತಿಸಿದರು. ಸಿಮೆಂಟಿನ ಮೇಲೆ ಹಸಿರು ಬಣ್ಣದಲ್ಲಿ ಗಿಡಗಳ ಚಿತ್ರ ಬರೆಸಿದರು. ಆದ ಅನ್ಯಾಯ ಇಷ್ಟು. ಇದಕ್ಕೆ ನಾನು ಒಂದು ಶಬ್ದವನ್ನೂ ಸೇರಿಸುವುದಿಲ್ಲ, ಇದರಿಂದ ಒಂದು ಶಬ್ದವನ್ನೂ ಕಳೆಯುವುದಿಲ್ಲ.

ಬಾಯಿಯವರು ಈಗ ಇಲ್ಲ. ಅವರ ಶ್ರದ್ಧಾಂಜಲಿ ಸಭೆಯಲ್ಲಿ ಇದೇ ಸಮಿತಿಯವರು ಅವರನ್ನು ಹಸಿರಿನ ತಾಯಿ ಎಂದು ಕರೆದದ್ದನ್ನು ಕೇಳಿಕೊಂಡು ಬಂದಿದ್ದೇನೆ. ಅಂಥ ತಾಯಿ ಯಾರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಜೇವರ್ಗಿ ತಾಲೂಕಿನ ಕೊಳಕೂರಿನಿಂದ ಬಂದ, ಕುಳ್ಳಗಿನ, ಹಣೆತುಂಬ ವಿಭೂತಿಯ, ಮಾತಿನಲ್ಲಿ ಯಾರಿಗೂ ರಿಯಾಯಿತಿ ತೋರದ ಒಬ್ಬ ಹೆಣ್ಣು ವಕೀಲರು; ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಕರೆಯುವುದು ಬಾಯಿ ಎಂದು. ಅವರನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೋರ್ಟಿನಲ್ಲಿ ಶಿರಸ್ತೇದಾರನಾಗಿ, ಅಂದರೆ ಗುಮಾಸ್ತರ ಮೇಲಿನ ಗುಮಾಸ್ತನಾಗಿ, ನಿವೃತ್ತನಾದವನು ನಾನು. ಜೇವರ್ಗಿ, ಅಫಜಲಪುರ, ಆಳಂದ ಮೂರೂ ಕಡೆ ವರ್ಗಾವಣೆಯ ಮೇಲೆ ತಿರುಗಿದ್ದೇನೆ. ನಾನು ಹೋದಲ್ಲೆಲ್ಲ ಬಾಯಿಯವರು ಬರುತ್ತಿದ್ದರು ಎನ್ನುವುದಕ್ಕಿಂತ, ಅವರ ಪಕ್ಷಗಾರರು ಮೂರೂ ತಾಲೂಕಿನಲ್ಲಿ ಇದ್ದರು ಎನ್ನುವುದು ಸರಿ. ಬಸ್ಸಿನಿಂದ ಇಳಿಯುವಾಗಲೇ ಕರಿ ಕೋಟನ್ನು ತೊಡುತ್ತಿದ್ದರು. ಆ ಕೋಟು ಹೆಗಲಿನ ಮೇಲೆ ಬಿಸಿಲಿಗೆ ಕಂದುಬಣ್ಣಕ್ಕೆ ತಿರುಗಿತ್ತು. ಹೊಸದನ್ನು ಹೊಲಿಸಿರೆಂದು ನಾನೊಮ್ಮೆ ಹೇಳಿದ್ದಕ್ಕೆ, "ಕೋಟು ನೋಡಿ ತೀರ್ಪು ಕೊಡೂದಿದ್ರ ದರ್ಜಿನ್ನೇ ವಕೀಲ ಮಾಡ್ಕೊಂಡಾರು ಬಿಡ್ರಿ" ಎಂದಿದ್ದರು. ಮಾತನಾಡುವ ಮೊದಲು ಕನ್ನಡಕ ತೆಗೆದು ಅದರ ಒಂದು ಕಾಲು ಹಿಡಿದುಕೊಳ್ಳುವುದು ಅವರ ಅಭ್ಯಾಸ. ಕನ್ನಡಕ ಮೂಗಿನ ಮೇಲಿರುವ ತನಕ ಎದುರಿನವನು ಏನು ಬೇಕಾದರೂ ಹೇಳಬಹುದಿತ್ತು. ಕೈಗೆ ಬಂದಮೇಲೆ ಅವನ ಪಾಳಿ ಮುಗಿದಂತೆ.

ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಅಫಜಲಪುರದಲ್ಲಿ ಒಬ್ಬ ಹಿರಿಯ ವಕೀಲರು, ತುಂಬಿದ ಕೋರ್ಟಿನಲ್ಲಿ, ಬಾಯಿಯವರ ವಾದವನ್ನು ನಡುವೆ ತಡೆದು, "ತಂಗಿ, ನೀ ಇನ್ನೂ ಸಣ್ಣಾಕಿ, ಜರಾ ತಿಳಕೊಂಡು ಮಾತಾಡು" ಎಂದರು. ಬಾಯಿಯವರ ಕೈಗೆ ಕನ್ನಡಕ ಬಂತು. "ಅಣ್ಣಾರ, ಮನಿಗೆ ಬಂದಿದ್ರ ತಂಗಿ ಅಂತ ಊಟಕ್ಕ ಬಡಿಸ್ತಿದ್ದೆ. ಇಲ್ಲಿ ಉತ್ತರಾನೇ ಬಡಿಸಬೇಕಾಗ್ತದ, ಕುಂದರ್ರಿ." ನ್ಯಾಯಾಧೀಶರೂ ನಕ್ಕರು. ಹಿರಿಯ ವಕೀಲರು ನಗಲಿಲ್ಲ, ಆ ದಿನದ ಮೇಲೆ ಬಾಯಿಯವರ ನಮಸ್ಕಾರಕ್ಕೆ ಮರುನಮಸ್ಕಾರವನ್ನೂ ಮಾಡಲಿಲ್ಲ. ಬಾಯಿಯವರು ಅವರಿಗೆ ನಮಸ್ಕಾರ ಮಾಡುವುದನ್ನು ಮಾತ್ರ ಕಡೆಯ ತನಕ ಬಿಡಲಿಲ್ಲ.

ಇಂಥವರು ಗಿಡದ ಬೆನ್ನು ಹತ್ತಿದ್ದು ನಿಂಬರ್ಗಾದ ಒಂದು ಬಾವಿಯ ದೆಸೆಯಿಂದ. ತೊಗರಿ ಹೊಲದ ನಡುವಿನ ಹಳೆಯ ಕಲ್ಲು ಕಟ್ಟಿದ ಬಾವಿ ಅದು. ನೀರು ಆರಿ ಎಷ್ಟೋ ಕಾಲವಾಗಿತ್ತು. ಅದರಲ್ಲಿ ತನಗೆಷ್ಟು ಪಾಲು ಎಂದು ದಾಯಾದಿಗಳಿಬ್ಬರು ದಾವಾ ಹೂಡಿದ್ದರು. ಸ್ಥಳ ನೋಡಿ ವರದಿ ಕೊಡಲು ಕೋರ್ಟು ಬಾಯಿಯವರನ್ನು ಕಮಿಷನರ್ ಆಗಿ ಕಳಿಸಿತು. ಕಾಗದಪತ್ರ ಹಿಡಿದುಕೊಂಡು ನಾನೂ ಹೋಗಿದ್ದೆ. ಮಳೆಗಾಲ. ಬಾವಿಯ ಒಳಗೋಡೆಯ ಸಂದುಗಳಲ್ಲಿ, ಬೆರಳುದ್ದದ ಕಡ್ಡಿಯ ತುದಿಗೆ ಪುಟ್ಟ ಬೀಸಣಿಕೆ ಬಿಚ್ಚಿಟ್ಟಂತೆ, ಒಂದು ಜಾತಿಯ ಗಿಡ ಒತ್ತೊತ್ತಾಗಿ ಬೆಳೆದಿತ್ತು. ನವಿಲಿನ ತಲೆಯ ಮೇಲಿನ ಜುಟ್ಟನ್ನು ಕಿತ್ತು ಕಲ್ಲಿಗೆ ಸಿಕ್ಕಿಸಿದ ಹಾಗೆ. ಬಾಯಿಯವರು ಅಡ್ಡಗೋಡೆ ಇಲ್ಲದ ಆ ದಂಡೆಯ ಮೇಲೆ ಮೊಣಕಾಲೂರಿ ಒಳಗೆ ಬಗ್ಗಿದರು.

"ಬಾಯಾರ, ಬೀಳ್ತೀರಿ, ಜ್ವಾಕಿ" ಎಂದ ವಾದಿ.

"ನೀರಿಲ್ಲಲ್ಲಪಾ. ಬಿದ್ರೂ ಮುಳುಗೂದಿಲ್ಲ."

"ನೀರಿಲ್ಲಂದ್ರೂ ಕಲ್ಲ ಅದಾವಲ್ರಿ" ಎಂದ ಪ್ರತಿವಾದಿ. ಆ ದಾವೆಯಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮೊದಲ ಸಂಗತಿ ಅದೇ ಇರಬೇಕು.

ಒಂದು ಎಲೆಯನ್ನಾದರೂ ಕಿತ್ತುಕೊಳ್ಳಿರೆಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. "ಬಾವಿ ಕೋರ್ಟಿನ ಮುಂದದ. ಗಿಡಾನೂ ಕೋರ್ಟಿನ ಮುಂದದ. ಕಮಿಷನರ್ ಆಗಿ ಬಂದಾಕಿ ಕೈ ಹಚ್ಚಬಾರ್ದು." ಪ್ರಕರಣ ಮುಗಿಯುವ ತನಕ ಅವರು ಅತ್ತ ಸುಳಿಯಲಿಲ್ಲ. ಕೊನೆಗೆ ದಾಯಾದಿಗಳು ರಾಜಿಯಾದರು. ಬಾವಿ ಮುಚ್ಚಿ ಹೊಲ ಹಂಚಿಕೊಳ್ಳುವುದೆಂದು ಗೊತ್ತಾಯಿತು. ರಾಜಿಯ ಕಾಗದಕ್ಕೆ ಸಹಿ ಬಿದ್ದ ಮೇಲೆ, ಬೇಸಿಗೆಯ ನಡುಮಧ್ಯಾಹ್ನ, ಬಾಯಿಯವರು ನನ್ನನ್ನೂ ಕರೆದುಕೊಂಡು ನಿಂಬರ್ಗಾಕ್ಕೆ ಹೋದರು. ಮಣ್ಣು ತುಂಬಲು ಟ್ರ್ಯಾಕ್ಟರು ಬಂದು ನಿಂತಿತ್ತು. ಗೋಡೆಯ ಮೇಲೆ ಹಸಿರು ಎಂಬುದರ ಸುಳಿವಿರಲಿಲ್ಲ. ಎಲ್ಲವೂ ಬೂದುಗಂದು ಬಣ್ಣಕ್ಕೆ ತಿರುಗಿ, ಮುಷ್ಟಿ ಬಿಗಿದಂತೆ ಮುದುಡಿ ಕೂತಿದ್ದವು.

ಬಾವಿಯ ಮೇಲಿನ ಸಾಲಿನಿಂದ ಕೆಲವು ಕಲ್ಲು ಬೇಕೆಂದು ಬಾಯಿಯವರು ದಾಯಾದಿಗಳಿಬ್ಬರನ್ನೂ ಕೇಳಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಕಲ್ಲಿನ ಹಿಂದೆ ಬಂಗಾರದ ಗಡಿಗೆ ಇದೆಯೆಂಬ ಗುಮಾನಿ ಅವರಿಗೆ ಬಂದಿತ್ತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕಲ್ಲು ಕೀಳುವಾಗ ಇಬ್ಬರೂ ಎರಡು ಬದಿಗೆ ನಿಂತು ಸಂದಿನಲ್ಲಿ ಇಣುಕಿದರು. ಒಂದು ಚೇಳು ಹೊರಬಂತು, ಅಷ್ಟೇ.

"ಬಾಯಾರ, ಸತ್ತ ಕಸದ ಸಲುವಾಗಿ ಕಲ್ಲು ಹೊರ್ತೀರೇನ್ರಿ?" ಎಂದ ಅವರಲ್ಲೊಬ್ಬ.

"ನೋಡ್ದಾಗ ಜೀವಂತ ಇದ್ದುವಪಾ. ಆವತ್ತ ಮನಸಿನಾಗ ಒಯ್ತೇನಿ ಅಂದಿದ್ದೆ. ಇವತ್ತ ಸತ್ತಾವಂತ ಬಿಟ್ಟು ಹೋದ್ರ ಹ್ಯಾಂಗ?"

ಕರಿ ಕೋಟು ಬಿಚ್ಚಿ ಅದರಲ್ಲಿ ಕಲ್ಲುಗಳನ್ನು ಸುತ್ತಿ, ಮಗುವನ್ನು ಎತ್ತಿಕೊಂಡವರಂತೆ ತೊಡೆಯ ಮೇಲಿಟ್ಟುಕೊಂಡು ಆಳಂದದ ತನಕ ಬಸ್ಸಿನಲ್ಲಿ ಕೂತರು. ಟಿಕೀಟು ಕೊಡಲು ಬಂದ ಕಂಡಕ್ಟರು ಅದೇನೆಂದು ಕೇಳಿದಾಗ, "ಸಾಕ್ಷಿದಾರರು" ಎಂದರು.

ಆಗಲೇ ನಮ್ಮ ಮನೆಗಳು ಅಕ್ಕಪಕ್ಕ. ಬಾಯಿಯವರು ಮೊದಲ ಸಲ ಮಾಡಿದ್ದೆಲ್ಲ ತಪ್ಪೇ. ಕಲ್ಲಿನಿಂದ ಗಿಡ ಬಿಡಿಸಿ, ಕುಂಡದಲ್ಲಿ ಹೊಲದ ಎರೆಮಣ್ಣು ತುಂಬಿ, ಶೆಗಣಿಗೊಬ್ಬರ ಬೆರೆಸಿ ನೆಟ್ಟರು. ಅವರು ಕೋರ್ಟಿಗೆ ಹೋದಾಗ ನನ್ನ ಹೆಂಡತಿ ದಿನಾಲೂ ನೀರು ಹಾಕಿದಳು. ನಮ್ಮ ಎರೆಮಣ್ಣು ನೀರು ಕುಡಿದರೆ ಬಿಡುವ ಜಾತಿಯದಲ್ಲ. ಕುಂಡದ ಗಿಡಗಳೆಲ್ಲ ಬುಡದಿಂದ ಕರ್ರಗಾಗಿ ಕೊಳೆತು ಹೋದವು. ಬಿಡಿಸಲು ಬಾರದ್ದಕ್ಕೆ ಬಚ್ಚಲ ಹಿಂದೆ ಎಸೆದಿದ್ದ ಒಂದೇ ಒಂದು ಕಲ್ಲು ಬಿಸಿಲಿನಲ್ಲಿ ಹಾಗೇ ಬಿದ್ದಿತ್ತು.

ಮೃಗಶಿರಾ ಮಳೆಯನ್ನು ನಮ್ಮ ಕಡೆ ಮಿರಗ ಎನ್ನುತ್ತಾರೆ. ಮಿರಗ ಬಿದ್ದರೆ ತೊಗರಿ ಬಿತ್ತಬೇಕು, ಬೀಳದಿದ್ದರೆ ಆಕಾಶ ನೋಡಬೇಕು. ಆ ವರ್ಷ ಮಿರಗ ಚೆನ್ನಾಗಿ ಬಿತ್ತು. ಮರುದಿನ ಬೆಳಿಗ್ಗೆ, ಲಿಂಗಪೂಜೆ ಮುಗಿಸಿ ಒದ್ದೆ ಕೂದಲಿನಲ್ಲೇ ಬಾಯಿಯವರು ನಮ್ಮ ಬಾಗಿಲಿಗೆ ಬಂದರು.

"ಶಿರಸ್ತೇದಾರ್ರ, ಬರ್ರಿ. ಆರೋಪಿ ಹಾಜರಾಗ್ಯಾನ."

ಬಚ್ಚಲ ಹಿಂದಿನ ಕಲ್ಲಿನ ಮೇಲೆ ಪುಟ್ಟ ಬೀಸಣಿಕೆಗಳು ಬಿಚ್ಚಿಕೊಂಡಿದ್ದವು. ಸತ್ತದ್ದೆಂದು ನಾವು ಕೈಬಿಟ್ಟದ್ದು ಅದೇ. ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಿಂತಳು. "ಅಕ್ಕಾರ, ಇದಕ್ಕ ನಾ ಒಂದ ಚೆಂಬು ನೀರು ಸೈತ ಹಾಕಿಲ್ರಿ" ಎಂದಳು.

"ಅದಕ್ಕೇ ಉಳದದ ತಂಗಿ" ಎಂದರು ಬಾಯಿಯವರು. ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತು ನೋಡಿ, ನನ್ನ ಕಡೆ ತಿರುಗಿದರು. "ನಾವು ಗೈರುಹಾಜರು ಅಂತ ಬರಕೊಂಡ್ವಿ. ಗೈರುಹಾಜರಲ್ರಿ ಇದು, ಮಿರಗದ ತನಕ ತಾರೀಖು ತಗೊಂಡಿತ್ತು."

ಆಮೇಲೆ ಆ ಗಿಡದ ಹೆಸರು ಮಯೂರಶಿಖಿ ಎಂದೂ, ಜರಿಗಿಡಗಳ ಜಾತಿಯದೆಂದೂ, ನೆರಳು ತೇವ ಬೇಡುವ ತನ್ನ ಬಳಗದವರ ಹಾಗಲ್ಲದೆ ಇದು ನಮ್ಮ ಬಿಸಿಲುನಾಡಿನ ಕಲ್ಲುಗೋಡೆಯದೇ ಎಂದೂ ತಿಳಿದುಕೊಂಡರು. ಹೆಸರು ಗೊತ್ತಾದ ಮೇಲೂ ಅವರು ಅದನ್ನು ಕರೆದದ್ದು "ತಾರೀಖಿನ ಗಿಡ" ಎಂದೇ.

ನಮ್ಮ ಕಾಲೊನಿಯ ನಡುವೆ ತೋಟಕ್ಕೆಂದು ಬಿಟ್ಟ ಒಂದು ತುಂಡು ಜಾಗವಿದೆ. ಸಮಿತಿ ಅಲ್ಲಿ ಹುಲ್ಲುಹಾಸು ಹಾಕಿತು, ಗುಲಾಬಿ ನೆಟ್ಟಿತು. ನಳದ ನೀರು ಮನೆಯ ಕೊಡಕ್ಕೇ ಸಾಲದ ಊರಿನಲ್ಲಿ ಅವೆಲ್ಲ ಪ್ರತಿ ಬೇಸಿಗೆ ಒಣಗಿ, ಪ್ರತಿ ಮಳೆಗಾಲ ಹೊಸದಾಗಿ ಬಂದವು. ಆ ಜಾಗದ ಪಶ್ಚಿಮಕ್ಕೆ ಹಳೆಯ ಕಾಲದ ಒಂದು ಕಲ್ಲುಗೋಡೆ, ಗಚ್ಚಿನಿಂದ ಕಟ್ಟಿದ್ದು. ಗಚ್ಚೆಂದರೆ ಸಿಮೆಂಟು ಬರುವ ಮೊದಲಿನ ಸುಣ್ಣದ ಗಾರೆ. ಅಲ್ಲಲ್ಲಿ ಉದುರಿ ಸಂದು ಬಿದ್ದಿತ್ತು. ಬಾಯಿಯವರು ಸಮಿತಿಯಲ್ಲಿ ಆ ಗೋಡೆಯನ್ನು ಕೇಳಿದರು. ಗೋಡೆ ಕೇಳುವವರನ್ನು ಯಾರೂ ಕಂಡಿರಲಿಲ್ಲ, ನಕ್ಕು ಕೊಟ್ಟರು.

ಅವರು ಗಿಡ ನೆಡುತ್ತಿದ್ದ ರೀತಿಯನ್ನು ಬರೆದಿಡುವುದು ಅವಶ್ಯ, ಏಕೆಂದರೆ ಇನ್ನು ಯಾರಾದರೂ ನೆಡಬೇಕಾದರೆ ಹೀಗೆಯೇ ನೆಡಬೇಕು. ಎರೆಮಣ್ಣು ಸುತರಾಂ ಕೂಡದು. ನರೋಣಾದಲ್ಲಿ ಒಂದು ಹಳೆಯ ವಾಡೆ ಕೆಡವಿದಾಗ ಅಲ್ಲಿಯ ಪಕ್ಷಗಾರನೊಬ್ಬನಿಂದ ಗಚ್ಚಿನ ಹೆಂಟೆಗಳನ್ನು ತರಿಸಿಕೊಂಡಿದ್ದರು. ಅದನ್ನು ಕುಟ್ಟಿ, ಇಟ್ಟಂಗಿಯ ಚೂರು, ಬೇವಿನ ಮರದ ಕೆಳಗಿನ ಕೊಳೆತ ಎಲೆಯ ಪುಡಿ ಕೂಡಿಸಿ, ಸಂದಿಗೆ ಬೆರಳಿನಿಂದ ಒತ್ತುತ್ತಿದ್ದರು. ಮಧ್ಯಾಹ್ನದ ಬಿಸಿಲು ನೇರ ಬಡಿಯದ ಮೈ ಆಗಬೇಕು. ಮಳೆಗಾಲದಲ್ಲಿ ಮಳೆ ಕೈಕೊಟ್ಟರೆ ಮಾತ್ರ ಗೋಡೆಯ ನೆತ್ತಿಯಿಂದ ನೀರು ಇಳಿಬಿಡಬೇಕು. ಚಳಿಗಾಲದಲ್ಲಿ ಅದೂ ಬೇಡ. ಬೇಸಿಗೆಯಲ್ಲಿ ಹನಿಯೂ ಕೂಡದು. ಈ ಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂಬದಿಯ ಅಂಚಿನಲ್ಲಿ ಕಂದು ಹುಡಿಯಿರುತ್ತದೆ. ಬಾಯಿಯವರು ಆ ಹುಡಿಯನ್ನು ನೆನೆಸಿದ ಇಟ್ಟಂಗಿಯ ಮೇಲೆ ತಟ್ಟಿ, ಗಾಜಿನ ಬರಣಿ ಬೋರಲು ಹಾಕಿ, ತಮ್ಮ ಕಾನೂನು ಪುಸ್ತಕಗಳ ಕಪಾಟಿನ ಪಕ್ಕದ ಕಿಟಕಿಯಲ್ಲಿ ಇಡುತ್ತಿದ್ದರು. ತಿಂಗಳುಗಟ್ಟಲೆ ಏನೂ ಕಾಣದು. ಆಮೇಲೆ ಪಾಚಿಯಂತೆ ಒಂದು ಹಸಿರು ಪೊರೆ. ಇನ್ನೂ ಎಷ್ಟೋ ಕಾಲಕ್ಕೆ ಅದರಿಂದ ಗುಂಡುಸೂಜಿಯ ತಲೆಯಷ್ಟು ಎಲೆ. ಪಕ್ಷಗಾರರು ಅವಸರ ಮಾಡಿದಾಗ ಆ ಬರಣಿಯನ್ನು ತೋರಿಸಿ, "ನಿನ್ನ ದಾವಾ ಇದಕಿಂತ ಜಲ್ದಿ ಮುಗೀತದ, ಸಬೂರ ಮಾಡು" ಎನ್ನುತ್ತಿದ್ದರು. ಪ್ರತಿ ಸಲವೂ ಅದು ನಿಜವಾಗಲಿಲ್ಲ ಎಂಬುದನ್ನು ಕೋರ್ಟಿನಲ್ಲಿದ್ದ ನಾನು ಬಲ್ಲೆ.

ಕೆಲವೇ ವರ್ಷಗಳಲ್ಲಿ ಆ ಗೋಡೆ ಮಳೆಗಾಲದಲ್ಲಿ ನೋಡುವಂತಾಯಿತು. ಗಾಳಿ ಬೀಸಿದರೆ ಇಡೀ ಗೋಡೆಯೇ ನವಿರೆದ್ದಂತೆ ಅಲುಗುತ್ತಿತ್ತು. ತೊಂದರೆ ಬಂದದ್ದು ಬೇಸಿಗೆಯಲ್ಲಿ, ಅದೂ ಒಳ್ಳೆಯ ಮನಸ್ಸಿನವರಿಂದ. ನಮ್ಮ ಮಂದಿ ಬೇಸಿಗೆಯಲ್ಲಿ ಒಣಗಿದ ಗಿಡ ಕಂಡರೆ ಸುಮ್ಮನೆ ದಾಟಿ ಹೋಗಲಾರರು. ತಮ್ಮ ಕೊಡದ ನೀರಿನಲ್ಲಿ ಒಂದು ಬೊಗಸೆಯನ್ನಾದರೂ ಚೆಲ್ಲಿ ಹೋಗುತ್ತಾರೆ. ಹಕ್ಕಿಗೆ ಪರಟೆಯಲ್ಲಿ ನೀರಿಟ್ಟು, ದಾರಿಯವರಿಗೆ ಅರವಟ್ಟಿಗೆ ಇಡುವ ನಾಡು ಇದು. ಬಾಯಾರಿದವರಿಗೆ ನೀರು ಕೊಡಬೇಡವೆಂದು ಹೇಳುವುದು ಇಲ್ಲಿ ಸುಲಭದ ಮಾತಲ್ಲ. ಕಾದು ಮುದುಡಿದ ಗಿಡಕ್ಕೆ ಆ ಬೊಗಸೆ ನೀರು ಬಿದ್ದರೆ ಅರ್ಧ ಬಿಚ್ಚಿ, ಮರುದಿನದ ಬಿಸಿಲಿಗೆ ಬೆಂದು, ಮತ್ತೆ ಮತ್ತೆ ಹಾಗಾದರೆ ನಿಜವಾಗಿಯೂ ಸಾಯುತ್ತದೆ. ಆದ್ದರಿಂದ ನಳ ಬರುವ ಹೊತ್ತಿಗೆ ಬಾಯಿಯವರು ಗೋಡೆಯ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕಾವಲು ಕೂಡುತ್ತಿದ್ದರು.

"ನೀರ ಹಾಕಿದ್ರ ಪುಣ್ಯ ಬರ್ತದ ಬೇ, ಯಾಕ ಬ್ಯಾಡಂತಿ?" ಎಂದು ಒಬ್ಬ ಮುದುಕಿ ಜಗಳಕ್ಕೇ ನಿಂತಳು.

"ಆ ಪುಣ್ಯ ಬೇವಿನ ಗಿಡಕ್ಕ ಹಾಕವ್ವಾ. ಇದು ಉಪವಾಸ ಅದ, ವ್ರತಾ ಕೆಡಸಬ್ಯಾಡ."

ಉಪವಾಸವೆಂದ ಮೇಲೆ ಮುದುಕಿ ಒಪ್ಪಿದಳು. ಕೊಡ ಎತ್ತಿಕೊಂಡು ಗೋಡೆಗೆ ಕೈ ಮುಗಿದೇ ಹೋದಳು. ಓಣಿಯ ಹೆಂಗಸರಿಗೆಲ್ಲ ಅದು ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಸಮಿತಿಗೆ.

ಈಗ ಆ ಸಭೆಯ ವಿಷಯ. ಹೋದ ಶಿವರಾತ್ರಿ ಮುಗಿದ ಮೇಲೆ ಅದು ಕೂಡಿತು. ತೋಟದಲ್ಲಿ ವ್ಯಾಯಾಮದ ಕಬ್ಬಿಣದ ಯಂತ್ರಗಳನ್ನು ನಿಲ್ಲಿಸುವುದಿತ್ತು; ಅದರ ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಸಮಿತಿಯ ಅಧ್ಯಕ್ಷರು ರಸಗೊಬ್ಬರದ ವ್ಯಾಪಾರಿಗಳು. ಎಲ್ಲರಿಗೂ ಚಹಾ ಬಂತು, ಬಾಯಿಯವರಿಗೆ ಬರಲಿಲ್ಲ. ಇದು ಆಕಸ್ಮಿಕವೆಂದು ಹೇಳುವವರಿದ್ದಾರೆ. ತಟ್ಟೆ ಅವರ ಎದುರಿನಿಂದಲೇ ಹಾದು ಹೋದದ್ದನ್ನು ನಾನು ಕಂಡಿದ್ದೇನೆ.

ಅಧ್ಯಕ್ಷರು ಅಡಿಕೆ ಚೂರು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಹೇಳಿದರು: "ಬಾಯಾರ, ಗ್ವಾಡಿ ತುಂಬ ಕಸ ಒಣಗಿ ನಿಂತದ. ದೊಡ್ಡ ಮಂದಿ ಬಂದ್ರ ಏನಂದಾರು? ಕೆರದು ಪ್ಲಾಸ್ಟರ್ ಮಾಡಿಸಿ ಪೇಂಟ್ ಹೊಡಸ್ತೇವ್ರಿ."

"ಕಸಲ್ರಿ. ಮಲಗ್ಯಾವ."

"ಸತ್ತ ಕಸಕ್ಕೂ ವಕಾಲತ್ತು ಹಾಕೀರೇನ್ರಿ ಬಾಯಾರ?"

ಸಭೆ ನಕ್ಕಿತು. ಯಾರು ಯಾರು ನಕ್ಕರೆಂಬುದು ನನಗೆ ನೆನಪಿದೆ. ಬಾಯಿಯವರು ಕನ್ನಡಕ ತೆಗೆದರು.

"ಸತ್ತದಂತ ಸರ್ಟಿಫಿಕೇಟ್ ಕೊಟ್ಟ ಡಾಕ್ಟರ್ ಯಾರ್ರಿ?"

"ಕಣ್ಣಿಗೇ ಕಾಣ್ತದಲ್ರಿ."

"ಬ್ಯಾಸಿಗ್ಯಾಗ ನಿಮ್ಮ ತೊಗರಿ ಹೊಲ ನೋಡಿದ್ರ ನನ್ನ ಕಣ್ಣಿಗೂ ಬಂಜರೇ ಕಾಣ್ತದ. ಮಾರಿಬಿಡ್ತೀರೇನು? ನಾ ಮಾಫಿ ಕೇಳಾಕತ್ತಿಲ್ಲ, ತಾರೀಖು ಕೇಳಾಕತ್ತೇನಿ. ಮಿರಗದ ತನಕ ಬಿಡ್ರಿ. ಮಿರಗ ಬಿದ್ದ ಮ್ಯಾಲೂ ಹಸರು ಆಗಲಿಲ್ಲಂದ್ರ ನಾನೇ ಖುರ್ಪಿ ಹಿಡದು ಕೆರದು ಕೊಡ್ತೇನಿ."

ಅಧ್ಯಕ್ಷರು ಅತ್ತಿತ್ತ ನೋಡಿದರು. ಹೆಂಗಸರ ಸಾಲಿನಲ್ಲಿ ಪಿಸುಮಾತು ಎದ್ದಿತ್ತು. "ಆತ್ರಿ. ಮಿರಗದ ತನಕ ಗ್ವಾಡಿಗೆ ಕೈ ಹಚ್ಚೂದಿಲ್ಲ. ಎಲ್ಲಾರ ಮುಂದ ಹೇಳಾಕತ್ತೇನಿ."

ಬರೆದುಕೊಂಡು ಸಹಿ ಹಾಕಿಸೋಣವೆಂದು ನಾನು ಕಿಸೆಯಿಂದ ಪೆನ್ನು ತೆಗೆದೆ. ಬಾಯಿಯವರು ನನ್ನ ಕೈ ಹಿಡಿದು ತಡೆದರು. ಜೀವಮಾನವಿಡೀ ಪಕ್ಷಗಾರರಿಗೆ, ಅಣ್ಣತಮ್ಮಂದಿರಿದ್ದರೂ ಬರೆದುಕೊಳ್ಳಿರೆಂದು ಹೇಳಿದವರು, ಆ ಒಂದು ದಿನ ಬರೆಸಿಕೊಳ್ಳಲಿಲ್ಲ.

ವೈಶಾಖದಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು. ಕಲಬುರಗಿಗೆ ಒಯ್ದೆವು. ಅವರು ಮದುವೆಯಾದವರಲ್ಲ, ಕೊಳಕೂರಿನಿಂದ ತಮ್ಮನ ಮಗ ಬಂದು ಹೋಗುತ್ತಿದ್ದನಾದರೂ, ಹಾಸಿಗೆಯ ಹತ್ತಿರ ಉಳಿದವರು ನಾವು ಗಂಡ ಹೆಂಡಿರೇ. ನಾವು ಮೂವರೂ ಊರಲ್ಲಿಲ್ಲದ ಆ ದಿನಗಳಲ್ಲೇ ಉದ್ಘಾಟನೆ ಗೊತ್ತಾಗಿ, ಹಾರೆ, ತಂತಿಯ ಬ್ರಷ್ಷು ತಂದು ಗೋಡೆಯನ್ನು ಕೆರೆದು ಮುಗಿಸಿದ್ದರು.

ಆಸ್ಪತ್ರೆಯಿಂದ ಮರಳುವಾಗ ಬಾಯಿಯವರು ಆಟೋವನ್ನು ತೋಟದ ಹತ್ತಿರ ನಿಲ್ಲಿಸಿದರು. ಗೋಡೆಯ ಮೇಲೆ ಬಾಳೆಯಂಥ ಗಿಡಗಳು, ತಾವರೆ, ಒಂದು ಗಿಳಿ. ಅವರು ಕೂತಲ್ಲಿಂದಲೇ ನೋಡಿದರು.

"ಗಿಳಿ ಚೊಲೋ ಬರ್ದಾನ" ಎಂದರು. ಬಳಿಕ ನನ್ನ ಕಡೆ ತಿರುಗಿ, "ಕೆರದದ್ದು ಎಲ್ಲಿ ಒಗದಾರ, ಕೇಳ್ರಿ."

ಅಷ್ಟರಲ್ಲಿ ಆಟೋ ಕಂಡು ಅಧ್ಯಕ್ಷರೇ ಬಂದರು. ಆರೋಗ್ಯ ವಿಚಾರಿಸಿದರು. ದೊಡ್ಡವರ ತಾರೀಖು ಅವಸರದಲ್ಲಿ ಸಿಕ್ಕಿತೆಂದರು. ಅವರು ಕೊಟ್ಟ ಮಾತನ್ನು ನಾನು ನೆನಪಿಸಿದಾಗ ನಗುತ್ತ, "ಶಿರಸ್ತೇದಾರ್ರ, ನೀವು ಕೋರ್ಟಿನಾಗ ಇದ್ದವ್ರು. ಬರಹದಾಗ ಎಲ್ಲಿ ಅದ ತೋರಸ್ರಿ" ಎಂದರು.

ನಾನು ಉತ್ತರ ಕೊಡುವವನಿದ್ದೆ. ಬಾಯಿಯವರು ಕನ್ನಡಕ ತೆಗೆಯಲಿಲ್ಲ. ಅದನ್ನು ತೆಗೆಯುವಷ್ಟು ಕೈಯಲ್ಲಿ ಬಲವಿರಲಿಲ್ಲ. "ಬಾಜೂ ಮನಿಯವ್ರ ಮಾತಿಗೂ ಬಾಂಡ್ ಪೇಪರ್ ಬೇಕಂದ್ರ ಓಣಿ ಯಾಕ ಬೇಕ್ರಿ? ಕೋರ್ಟಿನ ಪಾವಟಿಗಿ ಮ್ಯಾಲೇ ಮಲಗಿದ್ರಾತು" ಎಂದರು. ಬಳಿಕ ಆಟೋದವನಿಗೆ, "ನಡಿಯಪಾ, ತಿಪ್ಪಿ ಕಡೆ" ಎಂದರು.

ಕೆರೆದ ರಾಶಿ ನೀರಿನ ಟಾಕಿಯ ಹಿಂದಿನ ತಿಪ್ಪೆಯಲ್ಲಿ ಬಿದ್ದಿತ್ತು. ಮರುದಿನ ಬೆಳಿಗ್ಗೆ ಬಾಯಿಯವರನ್ನು ಕುರ್ಚಿಯಲ್ಲಿ ಕೂಡಿಸಿ, ಕೊಡೆ ಹಿಡಿದು, ನಾವಿಬ್ಬರೂ ಕೆದಕಿದೆವು. ನನ್ನ ಹೆಂಡತಿ ಮನೆಯಿಂದ ಮೊರ ತಂದಳು. ತೊಗರಿಯಲ್ಲಿ ಕಲ್ಲು ಆರಿಸಿದವಳು ಅಂದು ಕಲ್ಲಿನಲ್ಲಿ ಗಿಡ ಆರಿಸಿದಳು. ಗಚ್ಚಿನ ಹೆಂಟೆಗೆ ಕಚ್ಚಿಕೊಂಡ ಒಂದೊಂದು ಕಂದು ಮುಷ್ಟಿಯನ್ನೂ ಬಾಯಿಯವರ ಕೈಗೆ ಕೊಟ್ಟೆವು. ಅವರು ಬುಡ ಒತ್ತಿ ನೋಡಿ, ಪುಡಿಯಾದದ್ದನ್ನು ಎಡಕ್ಕೆ, ಗಟ್ಟಿಯಿದ್ದದ್ದನ್ನು ಉಡಿಯೊಳಗೆ ಹಾಕಿಕೊಂಡರು. ಎಡಗಡೆಯದೇ ದೊಡ್ಡ ರಾಶಿಯಾಯಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬರೂ ಏನಾಯಿತೆಂದು ಕೇಳಲಿಲ್ಲ; ಅಂದು ನೀರಿನ ಕೊಡ ಹಿಡಿದು ಜಗಳವಾಡಿದ ಮುದುಕಿ ಮಾತ್ರ ಬಂದು ನೆಲಕ್ಕೆ ಕೂತು ನಮ್ಮೊಡನೆ ಆರಿಸಿದಳು.

"ನಿಮ್ಮ ಹಿತ್ತಲದಾಗ ಹಚ್ಚೂಣ್ರಿ" ಎಂದರು ಬಾಯಿಯವರು. "ನಮ್ಮ ಮನ್ಯಾಗ ಯಾಕ ಬ್ಯಾಡಂದ್ರ, ನನ್ನ ಉಸರಿಗೆ ನಾ ಜಾಮೀನು ನಿಲ್ಲಂಗಿಲ್ಲ."

ನೆಲಹಾಸಿನ ಒಡೆದ ಫರಸಿಕಲ್ಲುಗಳನ್ನು ನಮ್ಮ ಹಿತ್ತಲಿನ ನೆರಳಿನ ಬದಿಗೆ ಒಂದರ ಮೇಲೊಂದು ಒಟ್ಟಿದೆವು. ಸಂದಿಗೆ ಗಚ್ಚಿನ ಪುಡಿ. ಅವರು ತೋರಿಸಿದಂತೆ ನಾನು ಒಂದೊಂದನ್ನೂ ಒತ್ತಿದೆ. ಸರಿಯಾಗದಿದ್ದರೆ ತೆಗೆಸಿ ಮತ್ತೆ ಒತ್ತಿಸಿದರು. ಹೋಗುವಾಗ ನನ್ನ ಹೆಂಡತಿಗೆ ಹೇಳಿದರು: "ತಂಗಿ, ನಾ ಇರ್ಲಿ ಬಿಡ್ಲಿ, ಮಿರಗದಕಿಂತ ಮೊದಲ ಒಂದ ಹನಿ ಹಾಕಬ್ಯಾಡ. ನಿನ್ನ ಕೈ ಸುಮ್ಮನಿರೂದಿಲ್ಲ, ನಂಗೊತ್ತದ."

ರೋಹಿಣಿ ಮಳೆಯ ದಿನಗಳಲ್ಲಿ, ಮಳೆ ಬಾರದೆಯೇ, ಬಾಯಿಯವರು ತೀರಿಕೊಂಡರು. ಕೊಳಕೂರಿನಲ್ಲಿ ತಮ್ಮನ ಹೊಲದಲ್ಲಿ ಮಣ್ಣು ಮಾಡಿದರು. ಎರೆನೆಲ ಅಂಗೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಮನೆಗೆ ಬಂದು ಸ್ನಾನ ಮಾಡಿದ ಮೇಲೆ ನನ್ನ ಹೆಂಡತಿ ಚೆಂಬು ತುಂಬಿಕೊಂಡು ಹಿತ್ತಲಿಗೆ ಹೋದದ್ದನ್ನು ಕಂಡೆ. ಫರಸಿಯ ಮುಂದೆ ಬಹಳ ಹೊತ್ತು ನಿಂತಳು. ಕಡೆಗೆ ಆ ನೀರನ್ನು ಬೇವಿನ ಬುಡಕ್ಕೆ ಸುರಿದು ಒಳಗೆ ಬಂದಳು. ಬಾಯಿಯವರಿಗಾಗಿ ನಾವು ಮಾಡಿದ ಕೆಲಸಗಳಲ್ಲಿ ಅತಿ ಕಠಿಣವಾದದ್ದು ಆ ನೀರು ಹಾಕದೆ ಇದ್ದದ್ದೇ.

ಶ್ರದ್ಧಾಂಜಲಿ ಸಭೆಯನ್ನು ಬಣ್ಣದ ಗೋಡೆಯ ಮುಂದೆಯೇ ಮಾಡಿದರು. ಗಿಳಿಯ ಕೆಳಗೆ ಫೋಟೋ, ಫೋಟೋಗೆ ಹಾರ. ಹಸಿರಿನ ತಾಯಿಯ ಹೆಸರನ್ನು ಈ ಗೋಡೆಗೆ ಇಡುವುದಾಗಿ ಅಧ್ಯಕ್ಷರು ಸಾರಿದರು, ಚಪ್ಪಾಳೆಯೂ ಆಯಿತು. ನಾನು ಎದ್ದು ಮಾತನಾಡಬಹುದಿತ್ತು.

ಆದರೆ ತಾರೀಖು ಇನ್ನೂ ಬಂದಿರಲಿಲ್ಲ. ತಾರೀಖಿಗೆ ಮೊದಲೇ ತೀರ್ಪು ಕೊಟ್ಟವರನ್ನು ದೂರುವವನು, ತಾನೂ ತಾರೀಖಿನ ತನಕ ಕಾಯಬೇಕು.

ಮಿರಗ ಸಂಜೆ ಬಂತು. ಗುಡುಗಿತು, ಗಾಳಿ ಬೀಸಿತು, ಹಿತ್ತಲಿನ ತಗಡು ದಡಬಡಿಸಿತು, ಆಮೇಲೆ ಹದವಾಗಿ ಹುಯ್ಯಿತು. ಬೆಳಿಗ್ಗೆ ನಾವು ಇಬ್ಬರೂ ಚಹಾ ಕುಡಿಯದೆ ಹಿತ್ತಲಿಗೆ ಹೋದೆವು. ಎಷ್ಟೋ ಮುಷ್ಟಿಗಳು ಬಿಚ್ಚಿರಲಿಲ್ಲ. ಅವು ಇನ್ನು ಬಿಚ್ಚಲಾರವು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಕೆಳಗಿನ ಸಾಲಿನಲ್ಲಿ, ನಾನು ತೆಗೆದು ತೆಗೆದು ಮತ್ತೆ ಒತ್ತಿದ ಸಂದಿನಲ್ಲಿ, ಒಂದು ಬೀಸಣಿಕೆ ಅರ್ಧ ತೆರೆದಿತ್ತು. ಅದರ ಪಕ್ಕ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಆ ಸಾಲು ಹಸಿರಾಯಿತು.

"ಅಕ್ಕಾರು ಇರಬೇಕಾಗಿತ್ರೀ" ಎಂದಳು ನನ್ನ ಹೆಂಡತಿ.

ಅಧ್ಯಕ್ಷರಿಗೆ ಹೇಳಿ ಕಳಿಸಿದೆ: ಮಿರಗ ಬಿದ್ದಿದೆ, ಒಪ್ಪಿಕೊಂಡ ತಾರೀಖು ಬಂದಿದೆ, ಸಮಿತಿಯವರು ಬಂದು ನೋಡಿ ಹೋಗಬೇಕು. ಅಂಗಡಿಯಲ್ಲಿ ಬಿತ್ತನೆಯ ಗದ್ದಲವಿದೆ ಎಂದು ಉತ್ತರ ಬಂತು. ಎರಡನೆಯ ಸಲ ನಾನೇ ಹೋದೆ. ಚಹಾ ತರಿಸಿದರು, ನಾಳೆ ಬರುತ್ತೇನೆಂದರು. ಆ ಚಹಾವನ್ನು ನಾನು ಕುಡಿಯಲಿಲ್ಲ. ಆ ನಾಳೆ ಈ ತನಕ ಬಂದಿಲ್ಲ.

ಹಾಗಾಗಿ ಇದನ್ನು ಬರೆದದ್ದು. ಸಮಿತಿಯವರು ಸಿಮೆಂಟು ಮೆತ್ತಿದ್ದು ಗೋಡೆಯ ತೋಟದ ಮುಖಕ್ಕೆ. ಅದರ ಬೆನ್ನು, ಓಣಿಯ ಬದಿಯದು, ಇನ್ನೂ ಹಳೆಯ ಕಲ್ಲು, ಹಳೆಯ ಗಚ್ಚೇ ಇದೆ. ಎದುರು ಮನೆಗಳ ನೆರಳು ಬೀಳುವುದರಿಂದ ಮಧ್ಯಾಹ್ನದ ಬಿಸಿಲು ಅಲ್ಲಿಯೂ ಬಡಿಯುವುದಿಲ್ಲ. ನಮ್ಮ ಹಿತ್ತಲಿನಿಂದ ಮೊದಲ ಸಾಲನ್ನು ನಿನ್ನೆ ಅಲ್ಲಿಗೆ ಸಾಗಿಸಿದ್ದೇನೆ. ಕಿಟಕಿಯ ಬರಣಿಗಳನ್ನು ಬಾಯಿಯವರ ತಮ್ಮನ ಮಗ ನಮ್ಮ ಮನೆಗೆ ತಂದುಕೊಟ್ಟಿದ್ದಾನೆ. ಒಂದರಲ್ಲಿ ಹಸಿರು ಪೊರೆ ಬಂದಿದೆ. ಅದು ಗಿಡವಾಗುವ ತನಕ ನಾನು ಇರುವೆನೆಂದು ಹೇಳಲಾರೆ. ಇರುವ ತನಕ ಹಚ್ಚುವೆನೆಂದು ಹೇಳಬಲ್ಲೆ. ಸಮಿತಿಯವರೇ, ಇದಕ್ಕೆ ನಿಮ್ಮ ಅಪ್ಪಣೆಯನ್ನು ನಾನು ಕೇಳುತ್ತಿಲ್ಲ. ಬಾಯಿಯವರ ಹೆಸರಿನ ಫಲಕವನ್ನು ಎಲ್ಲಿ ಬೇಕಾದರೂ ಹಾಕಿಕೊಳ್ಳಿರಿ, ಅದನ್ನೂ ಕೇಳುವುದಿಲ್ಲ.

ಕೇಳುವುದು ಒಂದೇ. ತಾರೀಖು ಒಪ್ಪಿಕೊಂಡವರು ನೀವು. ಆ ತಾರೀಖಿಗೆ ಮಳೆ ಹಾಜರಾಯಿತು. ನೀವು ಸತ್ತಿದೆಯೆಂದ ಗಿಡ ಹಾಜರಾಯಿತು. ತೀರಿಕೊಂಡ ಬಾಯಿಯವರ ಪರವಾಗಿ ನಾವೂ ಹಾಜರಿದ್ದೆವು. ಬದುಕಿದ್ದ ನೀವು ಎಲ್ಲಿದ್ದಿರಿ?